ಹಾಲು ಉಕ್ಕಿಸಿದ ದೋಣಿ

ಜಾಗ ಹುಡುಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ಈ ಬೇ ಏರಿಯಾದಲ್ಲಿ ಇನ್ನೂ ಹುಟ್ಟಿಲ್ಲ! ಫ್ರೀಮಾಂಟಿನಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ ನಡೆಸುವವನು ನಾನು. ಗೋದಾಮು ಬಾಗಿಲವರೆಗೆ ತುಂಬಿದ್ದಾಗಲೂ ಇನ್ನೊಂದು ಲಾರಿ ತೊಗರಿಬೇಳೆಯನ್ನು ಒಳಗೆ ತೂರಿಸಿದ ಕೀರ್ತಿ ನನ್ನದು. ಹಾಗಾಗಿ ನಾನು ದೋಣಿ ಕೊಂಡು ಬಂದ ದಿನ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಹೆಂಡತಿ ತೇಜಸ್ವಿನಿ ಕೇಳಿದ್ದಕ್ಕೆ ನಕ್ಕುಬಿಟ್ಟೆ. ಇಡೀ ಕೊಲ್ಲಿಯೇ ಎದುರಿಗೆ ಬಿದ್ದುಕೊಂಡಿರುವಾಗ ನೀರಿಗೇನು ಬರವೇ!

ಅದು ಅಂತಿಂಥ ದೋಣಿಯಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಸಂಸಾರ ಸಮೇತ ತೇಲಾಡಲೆಂದು ಕಟ್ಟಿದ್ದು; ಉದ್ದ ಸಾಲದೆಂದು ಅಗಲಕ್ಕೂ ಬೆಳೆಸಿದ ಉಕ್ಕಿನ ದೋಣಿ. ಅಡುಗೆಮನೆ, ಮಂಚ, ಬಚ್ಚಲು, ಕಿಟಕಿಗೆ ಹೂವಿನ ಪರದೆ ಎಲ್ಲ ಇತ್ತು. ಅದನ್ನು ಇಲ್ಲಿಗೆ ತರಿಸಿಕೊಂಡಿದ್ದ ಇಂಗ್ಲಿಷ್ ಮುದುಕ ಊರಿಗೆ ಮರಳುವ ಆತುರದಲ್ಲಿದ್ದ. ಆತುರಗಾರನನ್ನು ಕಂಡರೆ ನನ್ನ ನಾಲಿಗೆ ತಾನಾಗಿಯೇ ಚೌಕಾಸಿಗೆ ಇಳಿಯುತ್ತದೆ. ಮಣ್ಣಿನ ಬೆಲೆಗೆ ಹೊಡೆದೆ. ಅದನ್ನು ನಿಲ್ಲಿಸಿದ್ದ ಜಾಗ ಮಾತ್ರ ಮುದುಕನ ಹೆಸರಿಗಷ್ಟೇ ಸಲ್ಲುವುದು, ತಿಂಗಳ ಕೊನೆಯೊಳಗೆ ಎತ್ತದಿದ್ದರೆ ಎಳೆದೊಯ್ದು ಗುಜರಿಗೆ ಹಾಕುತ್ತಾರೆ ಎಂಬುದು ಆಮೇಲೆ ತಿಳಿಯಿತು. ಮುದುಕನೂ ವ್ಯಾಪಾರಿಯೇ ಎಂಬುದು ಅದರ ಜೊತೆಗೇ ತಿಳಿಯಿತು.

ಬಂದರಿನಿಂದ ಬಂದರಿಗೆ ದಂಡಯಾತ್ರೆ ಹೊರಟೆ. ಸಾಸಲಿಟೋ ಕಡೆ ಕೇಳಿದೆ, ಅಗಲ ಜಾಸ್ತಿ ಎಂದರು. ರೆಡ್‌ವುಡ್ ಸಿಟಿ ಕಡೆ ಕೇಳಿದೆ, ಅಗಲ ಜಾಸ್ತಿ ಎಂದರು. ಮತ್ತೊಂದು ಕಡೆ ಅಗಲವೇನೋ ಹೊಂದಿತು, ಆದರೆ ಅಲ್ಲಿ ಅಲೆ. ಕಾಲುವೆಯಲ್ಲಿ ಹುಟ್ಟಿ ಬೆಳೆದ ನನ್ನ ದೋಣಿ ಅಲೆಯ ಮುಖವನ್ನೇ ಕಂಡದ್ದಲ್ಲ. ಶನಿವಾರ, ಭಾನುವಾರಗಳೆಲ್ಲ ಫ್ರೀವೇಯಲ್ಲೇ ಕಳೆದವು.

“ನನ್ನನ್ನ ಹುಡುಕೋಕೂ ನೀವು ಇಷ್ಟು ಓಡಾಡಿರ್ಲಿಲ್ಲ” ಎಂದಳು ತೇಜಸ್ವಿನಿ.

“ನೀನು ಇಷ್ಟು ಅಗಲ ಇರ್ಲಿಲ್ಲವಲ್ಲೇ” ಎಂದೆ. ಆ ವಾರ ಅಡುಗೆಯಲ್ಲಿ ಉಪ್ಪು ಕಾಣಲಿಲ್ಲ.

ಕೊನೆಗೂ ಅಲಮೀಡಾ ಹತ್ತಿರದ ಒಂದು ಪುಟ್ಟ ಬಂದರಿನಲ್ಲಿ ಅಲೆಯಿಲ್ಲದ ಮೂಲೆಯೊಂದು ಸಿಕ್ಕಿತು. ಅಲ್ಲಿನ ಮೇಲ್ವಿಚಾರಕಿ ಡೋರಿಸ್, ಬಿಳಿಗೂದಲಿನ ಗಟ್ಟಿ ಹೆಂಗಸು. ನಾನು ಕೊಂಡೊಯ್ದಿದ್ದ ಗೋಡಂಬಿ ಡಬ್ಬವನ್ನು ಇಸಿದುಕೊಂಡರು, ಕರಗಲಿಲ್ಲ. ಅವರದು ಒಂದೇ ಷರತ್ತು: ದೋಣಿ ದೋಣಿಯಾಗಿರಬೇಕು, ಮನೆಯಾಗಬಾರದು. ಯಾರಾದರೂ ರಾತ್ರಿ ಮಲಗಿದ್ದು ಗೊತ್ತಾದರೆ ಮರುದಿನವೇ ಹಗ್ಗ ಬಿಚ್ಚುವುದು. ಇದೊಂದು ತೇಲುವ ಜಗಲಿ ಅಷ್ಟೇ, ಸಂಜೆ ಕೂತು ಕಾಫಿ ಕುಡಿಯುವುದಕ್ಕೆ ಎಂದು ಎದೆ ಮುಟ್ಟಿ ಹೇಳಿದೆ. ಗುಜರಿಯವನ ಬಾಯಿಂದ ದೋಣಿ ಪಾರಾಯಿತು!

ಆದರೆ ಪೂಜೆಯಾಗದೆ ತೇಜಸ್ವಿನಿ ಅದರೊಳಗೆ ಕಾಲಿಡುವುದಿಲ್ಲ. ಕಾರಿಗೆ ಮಾಡಿಸಿದಂತೆ ವಾಹನ ಪೂಜೆ ಮಾಡಿಸಿದರಾಯಿತು ಎಂದೆ.

“ನಿಂಬೆಹಣ್ಣು ಇಡೋಕೆ ಇದಕ್ಕೆ ಚಕ್ರ ಎಲ್ಲಿದೆ ರೀ? ಒಲೆ ಇದೆ, ಹೊಸಿಲಿದೆ. ಹಾಲು ಉಕ್ಕಿಸದೆ ನಾನು ಆ ಒಲೆ ಹಚ್ಚಲ್ಲ.”

ಸರಿ, ಗೃಹಪ್ರವೇಶವೇ ಆಗಲಿ ಎಂದೆ. ಶೇಷಾದ್ರಿಗಳನ್ನು ಕರೆಸಿದೆ. ವಾರವೆಲ್ಲ ಚಿಪ್ ಕಂಪನಿಯಲ್ಲಿ ಎಂಜಿನಿಯರು, ವಾರಾಂತ್ಯಕ್ಕೆ ಪುರೋಹಿತರು. ಅಮೆರಿಕನ್ ಅತಿಥಿ ಒಬ್ಬರಿದ್ದರೂ ಸಾಕು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಪ್ರತಿಯೊಂದು ವಿಧಿಯನ್ನೂ ಇಂಗ್ಲಿಷಿನಲ್ಲಿ ವಿವರಿಸುವುದು ಅವರ ವ್ರತ. ಇಲ್ಲಿ ನನ್ನ ವ್ಯಾಪಾರಿ ಬುದ್ಧಿ ಚುರುಕಾಯಿತು. ಜಾಗ ಕೊಟ್ಟವರನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತವಿದೆಯೇ? ನಾನೇ ಹೋಗಿ ಡೋರಿಸ್ ಅವರನ್ನು ಆಹ್ವಾನಿಸಿ, ಮುಂದಿನ ಕುರ್ಚಿಯಲ್ಲೇ ಕೂರಿಸಿದೆ.

ಬಾಗಿಲಿಗೆ ತೋರಣ ಬಂತು, ಹಲಗೆಯ ಕಟ್ಟೆಯ ಮೇಲೆ ರಂಗೋಲಿ ಬಂತು, ಒಳಗೆ ಕಾಲಿಡಲಾಗದಷ್ಟು ಮಂಡ್ಯ, ಹಾಸನ ಬಂತು. ಹಾಲು ಪೂರ್ವಕ್ಕೇ ಉಕ್ಕಬೇಕೆಂದು ಶೇಷಾದ್ರಿಗಳು ಹೇಳಿದ್ದೇ ತಡ, ಅತಿಥಿಗಳನ್ನೆಲ್ಲ ಪೂರ್ವದ ಬದಿಗೆ ನಿಲ್ಲಿಸಿದೆ. ದೋಣಿ ವಿಧೇಯವಾಗಿ ವಾಲಿತು, ಹಾಲು ವಿಧೇಯವಾಗಿ ಹರಿಯಿತು! ಭೂಮಿಯ ಮೇಲೆ ಮನೆ ಕಟ್ಟಿದವರಿಗೆ ಈ ಸೌಕರ್ಯ ಎಲ್ಲಿದೆ?

ಡೋರಿಸ್ ಶ್ಯಾವಿಗೆ ಪಾಯಸವನ್ನು ಎರಡನೆಯ ಸಲ ಬಡಿಸಿಕೊಂಡಿದ್ದರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಶೇಷಾದ್ರಿಗಳು ಮೈಕು ಸರಿಪಡಿಸಿಕೊಂಡು ಅವರತ್ತ ತಿರುಗಿದರು.

“ಮೇಡಂ, ಇಂದಿನಿಂದ ಇದು ಇವರ ಮನೆ” ಎಂದರು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. “ಇವತ್ತು ರಾತ್ರಿ ಇವರು ಇಲ್ಲೇ ಮಲಗಬೇಕು. ಮಲಗದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ.”

ಡೋರಿಸ್ ಅವರ ಚಮಚ ನಿಂತಿತು. ನಾನು ಶೇಷಾದ್ರಿಗಳ ಕಿವಿಗೆ ಬಾಗಿದೆ.

“ಸ್ವಾಮಿ, ಇದೆಲ್ಲ ಬರೀ ಶಾಸ್ತ್ರಕ್ಕೆ, ನಾವ್ಯಾರೂ ಮಲಗಲ್ಲ ಅಂತ ಹೇಳ್ಬಿಡಿ. ಇಲ್ಲಾಂದ್ರೆ ಈಯಮ್ಮ ಜಾಗ ಕಿತ್ಕೋತಾರೆ.”

ಅವರು ತಲೆಯಾಡಿಸಿ, ವ್ರತಭಂಗವಾಗದಂತೆ, ಒಂದಕ್ಷರ ಬಿಡದೆ ಮೈಕಿನಲ್ಲಿ ಅನುವಾದಿಸಿದರು: “ಯಜಮಾನರು ಹೇಳುತ್ತಿದ್ದಾರೆ, ಇದೆಲ್ಲ ಬರೀ ಶಾಸ್ತ್ರಕ್ಕಂತೆ, ಯಾರೂ ಮಲಗುವುದಿಲ್ಲವಂತೆ. ಇಲ್ಲದಿದ್ದರೆ ತಾವು ಜಾಗ ಕಿತ್ತುಕೊಳ್ಳುತ್ತೀರಂತೆ.”

ಬಂದರಿನ ನಾಲ್ಕೂ ಮೂಲೆಗೆ ಕೇಳಿಸಿತು.

ತೇಜಸ್ವಿನಿ ನನ್ನ ಬೆಂಬಲಕ್ಕೆ ಬರುತ್ತಾಳೆ ಎಂದುಕೊಂಡೆ. ಹಾಲು ಉಕ್ಕಿಸಿದ ಮನೆಗೆ ಅವತ್ತೇ ಬೀಗ ಹಾಕಿಕೊಂಡು ಹೋಗುವ ಪೈಕಿ ತಾನಲ್ಲ ಎಂದು ಅವಳು ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಡೋರಿಸ್ ಗಂಭೀರವಾಗಿ ಯೋಚಿಸಿ, ಮಲಗುವವರು ಈ ದಂಪತಿಯೇ ಆಗಬೇಕೋ ಎಂದು ಶೇಷಾದ್ರಿಗಳನ್ನು ಕೇಳಿದರು. ಮನೆಯೊಡತಿ ಕೈಯಾರೆ ಕುಂಕುಮ ಕೊಟ್ಟು ಇರಿಸಿಕೊಂಡವರು ಯಾರಾದರೂ ಆದೀತು ಎಂದು ಅವರು ತೀರ್ಪಿತ್ತರು.

“ಹಾಗಿದ್ದರೆ ಈ ಬಂದರಿನಲ್ಲಿ ರಾತ್ರಿ ಉಳಿಯುವ ಅನುಮತಿ ಇರುವುದು ಒಬ್ಬರಿಗೇ” ಎಂದರು ಡೋರಿಸ್. “ನನಗೆ.”

ತೇಜಸ್ವಿನಿ ಅರಿಸಿನ ಕುಂಕುಮ, ರೇಷ್ಮೆ ಸೀರೆ, ಬೀಗದ ಕೈ ಎಲ್ಲವನ್ನೂ ಅವರ ಮಡಿಲಿಗೆ ಹಾಕಿದಳು. ಜಾಗವೂ ಉಳಿಯಿತು, ಶಾಸ್ತ್ರವೂ ಉಳಿಯಿತು! ಸಿಕ್ಕಿದವರಿಗೆಲ್ಲ ನನ್ನ ಜಾಣತನವನ್ನು ಬಣ್ಣಿಸುತ್ತಾ ಮನೆಗೆ ಬಂದೆ.

ಡೋರಿಸ್ ವಾಸವಿದ್ದದ್ದು ಮಗ್ಗುಲು ಬದಲಿಸಿದರೆ ಮೊಣಕೈ ಗೋಡೆಗೆ ಬಡಿಯುವಂಥ ಹಾಯಿದೋಣಿಯಲ್ಲಿ. ನನ್ನ ದೋಣಿಯ ಅಗಲವಾದ ಮಂಚದ ಮೇಲೆ ಅವರಿಗೆ ಎಂಥ ನಿದ್ದೆ ಬಂತೆಂದರೆ, ಬೆಳಿಗ್ಗೆ ಎದ್ದವರೇ ತೇಜಸ್ವಿನಿಗೆ ಫೋನು ಮಾಡಿದರಂತೆ. ನನಗಲ್ಲ. ಮನೆ ಖಾಲಿ ಬಿಡಬಾರದು, ಇಷ್ಟ ಬಂದಷ್ಟು ದಿನ ಇರಿ ಎಂದು ಇವಳು ಹೇಳಿದಳಂತೆ. ಈಗ ಆ ಜಾಗದಿಂದ ನಮ್ಮ ದೋಣಿಯನ್ನು ಕದಲಿಸುವವರು ಯಾರೂ ಇಲ್ಲ, ಕದಲಿಸಬೇಕಾದವರೇ ಒಳಗಿದ್ದಾರೆ.

ಮುಂದಿನ ಶನಿವಾರ ಹುಮ್ಮಸ್ಸಿನಿಂದ ಹೋದೆ. ಒಳಗಿನಿಂದ ಫಿಲ್ಟರ್ ಕಾಫಿಯ ಘಮ. ನನಗಿಂತ ಮೊದಲೇ ಬಂದಿದ್ದ ತೇಜಸ್ವಿನಿ ಡೋರಿಸ್ ಅವರ ಎದುರು ಕೂತು ಹರಟುತ್ತಿದ್ದಳು. ನನ್ನ ದೋಣಿ, ನನ್ನ ಮೂಲೆ, ನನ್ನ ಸಂಜೆ ಎಂದುಕೊಳ್ಳುತ್ತಾ ಹೊಸಿಲು ದಾಟಿದೆ.

ಡೋರಿಸ್ ಲೋಟದಿಂದ ಮುಖವೆತ್ತದೆ ಹೇಳಿದರು: “ಶೂ ಹೊರಗೆ ಬಿಟ್ಟು ಬನ್ನಿ, ಜಯರಾಮ್. ಇದು ಮನೆ.”