ಅಪ್ಪ ಕೊಟ್ಟ ಪ್ರೆಶರ್

ಎಂಬತ್ತರ ದಶಕದಲ್ಲಿ ನಾನು ಸೌದಿಯ ಜಿದ್ದಾ ನಗರದ ಅಜೀಜಿಯಾ ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ನರ್ಸು. ತೋಳಿಗೆ ಬಿಪಿ ಪಟ್ಟಿ ಸುತ್ತಿದ ಕೂಡಲೇ ದುಡಿಯಲು ಬಂದ ನಮ್ಮೂರ ಗಂಡಸರಿಗೆ ಅವರವರ ಅಪ್ಪಂದಿರು ನೆನಪಾಗುತ್ತಿದ್ದರು. ಎಲ್ಲರನ್ನೂ ಮೀರಿಸಿದವರು ಉಡುಪಿ ಕಡೆಯ ಒಬ್ಬ ಸಾಹೇಬರು, ಯಾವುದೋ ಕಂಪನಿಯ ಸೂಪರ್‌ವೈಸರ್. ವರ್ಷಕ್ಕೊಮ್ಮೆ ನಡೆಯುವ ಮೆಡಿಕಲ್ ತಪಾಸಣೆಯಲ್ಲಿ ಪಾಸಾಗದಿದ್ದರೆ ಅವರ ಕೆಲಸವೇ ಹೋಗುವುದಿತ್ತು. ಆದರೂ ಅವರ ಠೀವಿ ನೋಡಬೇಕು!

ಪಿತ್ರಾರ್ಜಿತ

"ಇದು ಫ್ಯಾಮಿಲಿ ಪ್ರೆಶರ್ ಸಿಸ್ಟರ್. ಅಜ್ಜನಿಗೆ ಇತ್ತು, ತಂದೆಗೆ ಉಂಟು. ನಾನೆಂತ ಮಾಡ್ಲಿಕ್ಕಾಗ್ತದೆ?" ಅಂದರು, ಬಂಗಲೆಯೊಂದು ಪಾಲಿಗೆ ಬಂದವರ ಹಾಗೆ.

"ವಂಶದಲ್ಲಿ ಇದ್ದರೆ ಬರುವುದು ಹೌದು. ಅದಕ್ಕೇ ನೀವು ಬೇರೆಯವರಿಗಿಂತ ಹೆಚ್ಚು ಜಾಗ್ರತೆ ಮಾಡ್ಬೇಕು," ಅಂದರು ನಮ್ಮ ಹೈದರಾಬಾದಿನ ಡಾಕ್ಟರು, ಹಿಂದಿಯಲ್ಲಿ.

ಸಾಹೇಬರು ಅರ್ಧ ಮಾತ್ರ ಕೇಳಿಸಿಕೊಂಡರು. ಹೊರಗೆ ಕೂತಿದ್ದವರಿಗೆಲ್ಲ ಸಾರಿಬಿಟ್ಟರು, "ಡಾಕ್ಟ್ರೇ ಹೇಳಿದ್ದು ಮಾರಾಯ್ರೆ, ನನ್ನ ತಪ್ಪು ಏನೂ ಇಲ್ವಂತೆ!"

ವಾಕಿಂಗ್

ದಿನಾ ನಡೆಯಿರಿ ಅಂದೆವು. ಒಂದು ಸಂಜೆ ನಾನು ಸಾಮಾನಿಗೆ ಹೋದಾಗ ಅಂಗಡಿಯೆದುರು ಸಾಹೇಬರ ಕಾರು ಬಂದು ನಿಂತಿತು. ಅವರ ರೂಮು ಇದ್ದದ್ದು ಪಕ್ಕದ ಕಟ್ಟಡದಲ್ಲಿ. ಇಳಿದು, ಪೆಪ್ಸಿ, ಸಿಗರೇಟು ಕೊಂಡು, ನನ್ನನ್ನು ಕಂಡು ಬೆವರೊರೆಸಿಕೊಂಡರು. "ನಡೀತಾ ಇದ್ದೇನೆ ಸಿಸ್ಟರ್. ಇವತ್ತು ಪಾರ್ಕಿಂಗ್ ಸ್ವಲ್ಪ ದೂರ ಸಿಕ್ಕಿತು."

ಉಪ್ಪು ಬಿಟ್ಟ ಕಥೆ

ರಜೆ ಮುಗಿಸಿ ಊರಿಂದ ಬರುವವನು ರೂಮಿನವರಿಗೆಲ್ಲ ಒಣಮೀನು, ಉಪ್ಪಿನಕಾಯಿ ತರಲೇಬೇಕು. ತರದವನನ್ನು ಮಾತಾಡಿಸುವವರಿಲ್ಲ. ಸಾಹೇಬರ ಮಂಚದಡಿಯಲ್ಲಿ ಅದರದ್ದೇ ಗೋದಾಮು.

"ಉಪ್ಪು ಬಿಟ್ಟಿದ್ದೀರಾ?" ಅಂತ ಕೇಳಿದೆ.

"ಅಲ್ಲಾಹನಾಣೆ, ಒಂದು ಚಿಟಿಕೆ ಮುಟ್ಟುವುದಿಲ್ಲ."

"ಒಣಮೀನು?"

"ಅದಕ್ಕೆ ನಾನು ಉಪ್ಪು ಹಾಕುವುದೇ ಇಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಕೈಗೆ ಸುತ್ತುವ ಪಟ್ಟಿಯನ್ನು ಬಾಯಿಗೆ ಸುತ್ತಬೇಕು ಅನಿಸಿತು.

ಸಾಕ್ಷಿ

ಮೆಡಿಕಲ್ ಬಂತು. ಮೆಕ್ಕಾದ ಉಮ್ರಾ ಯಾತ್ರೆಗೆ ಊರಿಂದ ಬಂದಿದ್ದ ತಂದೆಯನ್ನೇ ಸಾಹೇಬರು ಸಾಕ್ಷಿಗೆ ಕರೆತಂದರು. "ಇವರೇ ಡಾಕ್ಟ್ರೇ, ಇವರಿಂದಲೇ ಬಂದದ್ದು. ಇವರನ್ನು ನೋಡಿ ನನ್ನನ್ನು ಪಾಸು ಮಾಡಿ."

ತಂದೆ ಸಪೂರ ಮುದುಕ. ಹೊತ್ತಿಗೆ ಸರಿಯಾಗಿ ಮಾತ್ರೆ, ಉಪ್ಪಿಲ್ಲದ ಗಂಜಿ, ದಿನಾ ಮಸೀದಿಗೆ ಕಾಲ್ನಡಿಗೆ. ನೋಡಿದರೆ ಬಿಪಿ ಹದದಲ್ಲಿತ್ತು. ಮಗನದ್ದು ನೋಡುವಾಗ ಪಾದರಸ ಮೇಲೆ ಹೋದದ್ದು ಇಳಿಯುವ ಲಕ್ಷಣವೇ ಇಲ್ಲ.

ಡಾಕ್ಟರು ಪೆನ್ನು ಮುಚ್ಚಿದರು. "ಒಂದು ತಿಂಗಳು ಟೈಮ್ ಕೊಡ್ತೇನೆ. ಇಳಿಸಿಕೊಂಡು ಬನ್ನಿ. ಇಲ್ಲದಿದ್ದರೆ ಊರಿಗೆ ಹೋಗಿ."

ಸಾಹೇಬರ ಮುಖ ಬಿಳಿಚಿತು. ಸಿಟ್ಟೆಲ್ಲ ತಂದೆಯ ಮೇಲೆ ತಿರುಗಿತು. "ನೋಡಿ, ನಿಮ್ಮಿಂದಾಗಿ ನನ್ನ ಕೆಲಸ ಹೋಗ್ತದೆ!"

ಮುದುಕ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅಂಗಿಯ ಗುಂಡಿ ಬಿಗಿದು ನಿಂತ ಜಾಗಕ್ಕೆ ಒಂದು ಬೆರಳಿನಿಂದ ತಿವಿದರು.

"ಪ್ರೆಶರ್ ನಾನು ಕೊಟ್ಟದ್ದು, ಒಪ್ಪಿದೆ. ಈ ಹೊಟ್ಟೆ ಮಾತ್ರ ನಿನ್ನ ಸ್ವಂತ ಸಂಪಾದನೆ."