ಕೌದಿಯ ನಾಲ್ಕನೇ ಪದರ

"ಇವತ್ತು ಸಂಜೆಯೊಳಗೆ ಈ ಕೌದಿ ಮುಗೀದೇ ಹೋದ್ರೆ ನಾನು ಸೂಜಿ ಮುಟ್ಟೋದನ್ನೇ ಬಿಟ್ಟುಬಿಡ್ತೀನಿ!"

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಎತ್ತುತ್ತಾ ಅವಳು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಗಂಡ ಪೇಪರಿನಿಂದ ತಲೆ ಕೂಡ ಎತ್ತಲಿಲ್ಲ.

"ಬೇಡ ಕಣೇ, ಕೆಲಸ ಹೋಗುತ್ತೆ" ಎಂದ.

ಮಾತಿನಲ್ಲಿ ಹುರುಳಿತ್ತು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ವಾರವಿಡೀ ಜನರ ತೋಳಿಗೆ ಸೂಜಿ, ಮನೆಗೆ ಬಂದರೆ ಬಟ್ಟೆಗೆ ಸೂಜಿ. ವ್ಯತ್ಯಾಸ ಇಷ್ಟೇ, ಬಟ್ಟೆ "ಅಯ್ಯಯ್ಯೋ" ಅನ್ನುತ್ತಿರಲಿಲ್ಲ. ಆ ಒಂದು ನೆಮ್ಮದಿಗಾಗಿಯೇ ಅವಳು ಕಸೂತಿ ಹಿಡಿದದ್ದು. ಹಿಡಿದದ್ದನ್ನೆಲ್ಲ ಮುಗಿಸಿದ್ದಳು ಎಂದಲ್ಲ! ಮೇಜಿನ ಹೊದಿಕೆಯ ಮೇಲಿನ ಗಿಳಿಗೆ ಕೊಕ್ಕು ಬಂದಿತ್ತು, ಕಣ್ಣು ಬಂದಿರಲಿಲ್ಲ. ಪಾಪ, ಕುರುಡು ಗಿಳಿ ಬುಟ್ಟಿಯ ತಳದಲ್ಲಿ ಕಾಲ ತಳ್ಳುತ್ತಿತ್ತು. ಗಂಡನಿಗೆಂದು ಕ್ರೋಶಾ ಕಡ್ಡಿಯಲ್ಲಿ ಹೆಣೆಯತೊಡಗಿದ ಉಣ್ಣೆಯ ಅಂಗಿಗೆ ಒಂದೇ ತೋಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅವನು, "ಹೆಂಡ್ತೀನ ಅರ್ಧಾಂಗಿ ಅಂತ ಯಾಕಂತಾರೆ ಅಂತ ಈಗ ಗೊತ್ತಾಯ್ತು. ಅರ್ಧ ಅಂಗಿ ಹೆಣೆಯೋಳು!" ಎನ್ನುತ್ತಿದ್ದ. ಮೊದಮೊದಲು ಅವಳು ಸಿಡುಕುತ್ತಿದ್ದಳು. ಈಗೀಗ ಸಿಡುಕುವುದಕ್ಕೂ ತ್ರಾಣ ಉಳಿದಿರಲಿಲ್ಲ.

ಆದರೆ ಕೌದಿಯ ವಿಷಯದಲ್ಲಿ ತಮಾಷೆ ನಡೆಯುವಂತಿರಲಿಲ್ಲ. ಅದು ಅತ್ತೆಗೆ ಕೊಟ್ಟ ಮಾತು. ಫ್ಯಾನಿನ ಸದ್ದು ಕೇಳಿದರೇ ಚಳಿ ಹತ್ತುವ ಜೀವ ಅದು. "ಎಲ್ಲಿಗೆ ಬಂತಮ್ಮಾ ನನ್ನ ಕೌದಿ?" ಎಂದು ಅವರು ಒಳಕೋಣೆಯಿಂದ ಕೇಳುವುದು, "ಅಂಚೊಂದು ಬಾಕಿ ಅತ್ತೆ" ಎಂದು ಇವಳು ಹೇಳುವುದು, ಹೀಗೆಯೇ ಎರಡು ಚಳಿಗಾಲ ಕಳೆದಿದ್ದವು. ಕಳೆದ ಸಲ ಬಂದಿದ್ದ ನಾದಿನಿ, ಅಂದರೆ ಗಂಡನ ಅಕ್ಕ, ಎಲ್ಲರ ಎದುರು ಕೇಳಿಯೇಬಿಟ್ಟಿದ್ದಳು: "ನಮ್ಮಮ್ಮ ಇರೋವಾಗ ಹೊದಿಸ್ತೀಯೋ, ಹೋದ್ಮೇಲೆ ಹೊದಿಸ್ತೀಯೋ?" ಆ ಮಾತು ಯಾವ ಸೂಜಿಗಿಂತಲೂ ಆಳಕ್ಕೆ ಇಳಿದಿತ್ತು. ಇವತ್ತು ಸಂಜೆ ಆಕೆ ಮತ್ತೆ ಬರುವವಳು. ಬರುವಾಗ ಅಂಗಡಿಯಿಂದ ಕಂಬಳಿ ತರುತ್ತೇನೆಂದು ಫೋನಿನಲ್ಲಿ ಸಾರಿಯೂ ಆಗಿತ್ತು.

"ರೀ, ಬಂದು ಈ ತುದಿ ಹಿಡ್ಕೊಳ್ಳಿ. ಬಿಗಿಯಾಗಿ!"

ಗಂಡ ಶಾಲೆಯ ಡ್ರಿಲ್ ಮೇಷ್ಟ್ರು. ಮಕ್ಕಳನ್ನು ಬಿಸಿಲಲ್ಲಿ ಓಡಲು ಬಿಟ್ಟು ತಾನು ಮರದ ನೆರಳಲ್ಲಿ ನಿಂತಲ್ಲೇ ನಿದ್ದೆ ಮಾಡಬಲ್ಲ ಯೋಗಿ. ಅಂಥವನಿಗೆ ಸೋಫಾ ಸಿಕ್ಕರೆ ಕೇಳಬೇಕೇ? ಹೆಂಡತಿಗೆ ಒತ್ತಿ ಕೂತು, ಕೌದಿಯ ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಅವಳು ದಾರ ಪೋಣಿಸುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಕೌದಿಗೆ ಮೂರು ಪದರ. ಮೇಲೆ ಕಸೂತಿ ಹೂಗಳ ಬಣ್ಣದ ತುಂಡುಗಳು, ನಡುವೆ ಸವೆದ ಹೊದಿಕೆ, ಅಡಿಯಲ್ಲಿ ಬಿಳಿ ಬಟ್ಟೆ. ಮೂರನ್ನೂ ಕೂಡಿಸಿ ಅಂಚು ಹೊಲಿದರೆ ಮುಗಿಯಿತು. ವಾರದ ದಣಿವೆಲ್ಲ ರೆಪ್ಪೆಗೆ ಬಂದು ಕೂತಿತ್ತು. ಅವಳು ಅರೆಗಣ್ಣಿನಲ್ಲಿ, ಬೆರಳ ಅಂದಾಜಿನಲ್ಲಿ, ಎರಡೆಳೆ ದಾರದಲ್ಲಿ ಹೊಲಿಯುತ್ತಾ ಹೋದಳು. ಏನು ಓಟ ಆ ಸೂಜಿಯದು! ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ತೊಡೆಗೆ ಆಗಾಗ ಚುರುಕ್ ಎಂದರೂ, "ಸೊಳ್ಳೆ ಇರಬೇಕು" ಎಂದುಕೊಂಡು ಮುಂದುವರಿದಳು. ಕೊನೆಯ ಗಂಟು ಹಾಕಿ, ದಾರ ಕಚ್ಚಿ ತುಂಡರಿಸಿ, ಆಹಾ ಎಂದು ಮೈ ಮುರಿಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಅವಳು ಎದ್ದಳು. ಕೌದಿಯೂ ಎದ್ದಿತು. ಕೌದಿಯ ಹಿಂದೆ ಗಂಡನೂ ಅರ್ಧ ಎದ್ದ!

"ಭೂಕಂಪ! ಎಲ್ಲರೂ ಮೈದಾನಕ್ಕೆ ಓಡಿ!" ಎಂದು ಅವನು ನಿದ್ದೆಗಣ್ಣಿನಲ್ಲಿ ಕೂಗಿದ.

"ಬಾಯಿ ಮುಚ್ರೀ. ನಾವು ಹೊಲ್ಕೊಂಡುಬಿಟ್ಟಿದ್ದೀವಿ."

"ನಾವು ಅಂದ್ರೆ?"

"ನನ್ನ ನೈಟಿ, ನಿಮ್ಮ ಪೈಜಾಮ."

ಅವನು ಕಾಲು ಎಳೆದು ನೋಡಿದ. ಬರಲಿಲ್ಲ. ಹೊಲಿಗೆಯನ್ನು ಕೀಳಲು ನೋಡಿದ. ಜಪ್ಪಯ್ಯ ಎನ್ನಲಿಲ್ಲ. "ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಮಾಡಿದ್ದು ಇದೊಂದೇ ಕಣೇ" ಎಂದು ಮೆಚ್ಚಿದ. ಕತ್ತರಿ ದೂರದ ಕಪಾಟಿನಲ್ಲಿತ್ತು. ಮೂರು ಕಾಲಿನ ಓಟದಲ್ಲಿ ಎಷ್ಟೋ ಮಕ್ಕಳನ್ನು ಪಳಗಿಸಿದ ಮೇಷ್ಟ್ರು, "ಎಡ, ಬಲ" ಎಂದು ಶುರು ಮಾಡಿದ. ಅವನ ಎಡ ಅವಳ ಬಲವಾಗಿ ಇಬ್ಬರೂ ಮತ್ತೆ ಸೋಫಾದ ಪಾಲಾದರು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಬಂದು, ಬಾಗಿಲು ತೆಗೆದು, ಮಗಳಿಗೆ ಚಹಾ ಮಾಡಲೆಂದು ಅಡುಗೆಮನೆಗೆ ಹೋಗಿಯಾಗಿತ್ತು.

ಕಂಬಳಿಯ ಕಟ್ಟನ್ನು ಸೊಂಟದಲ್ಲಿಟ್ಟುಕೊಂಡು ನಾದಿನಿ ಒಳಗೆ ಬಂದಾಗ ಕಂಡದ್ದೇನು? ಧಗೆಯ ಸಂಜೆ, ತಮ್ಮ ಮತ್ತು ತಮ್ಮನ ಹೆಂಡತಿ ಗಲ್ಲದವರೆಗೆ ಕೌದಿ ಹೊದ್ದು ಗೊಂಬೆಗಳಂತೆ ಕೂತಿದ್ದಾರೆ!

"ಏನ್ರೋ ಇದು?"

"ಚಳಿ ಅಕ್ಕಾ" ಎಂದಳು ಅವಳು. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಆದರೆ ನಾದಿನಿ ಹೆಡ್ ನರ್ಸ್! ಹಣೆ ಮುಟ್ಟಿದಳು. "ಅಯ್ಯೋ, ಕೆಂಡದ ಹಾಗಿದೆ!" ಫ್ಯಾನ್ ಆರಿಸಿದಳು, ಕಿಟಕಿ ಮುಚ್ಚಿದಳು. ತಂದಿದ್ದ ಕಂಬಳಿಯನ್ನು ಕಟ್ಟು ಬಿಚ್ಚಿ ಕೌದಿಯ ಮೇಲೆ ಹೇರಿದಳು. ಇಬ್ಬರ ಬಾಯಿಗೂ ಥರ್ಮಾಮೀಟರ್ ತುರುಕಿದಳು. ಒಳಗೆ ಗಂಡ ಹೆಂಡತಿ ಹಬೆಯಲ್ಲಿ ಬೇಯುತ್ತಾ ಒಬ್ಬರನ್ನೊಬ್ಬರು ನೋಡಿಕೊಂಡರು. ಹೇಳಿಬಿಡೋಣವೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು. ಆದರೆ ಹೇಳಿದರೆ ಹೊಲಿಗೆ ಬಿಚ್ಚಬೇಕು. ಬಿಚ್ಚಿದರೆ ಮತ್ತೆ ಅದೇ "ಅಂಚೊಂದು ಬಾಕಿ". ಬೆಂದರೂ ಸರಿ ಎಂದು ಕೂತಳು.

"ಇಬ್ಬರಿಗೂ ಒಟ್ಟಿಗೇ ಬಂದಿದೆ ಅಂದ್ರೆ ಸಾಮಾನ್ಯದ ಜ್ವರ ಅಲ್ಲ. ರಕ್ತ ಪರೀಕ್ಷೆ ಆಗ್ಲೇಬೇಕು. ನನ್ನ ಬ್ಯಾಗಲ್ಲೇ ಎಲ್ಲಾ ಇದೆ. ತೋಳು ಕೊಡೋ" ಎಂದು ನಾದಿನಿ ಸಿರಿಂಜು ತೆಗೆದಳು.

ಮೇಷ್ಟ್ರ ಧೈರ್ಯ ಅಲ್ಲಿಗೆ ಮುಗಿಯಿತು. "ಬೇಡಕ್ಕಾ! ಇವತ್ತು ಇವಳು ಆಗ್ಲೇ ನನಗೆ ಸೂಜಿ ಹಾಕಿಬಿಟ್ಟಿದ್ದಾಳೆ!" ಎಂದು ಚಂಗನೆ ನೆಗೆದ. ನೆಗೆದವನ ಹಿಂದೆ ಕೌದಿ, ಕೌದಿಯ ಹಿಂದೆ ಹೆಂಡತಿ, ಎಲ್ಲದರ ಮೇಲೆ ಕಂಬಳಿ. ದೊಪ್ಪನೆ ನೆಲಕ್ಕೆ ಬಿದ್ದ ಗಂಟಿನೊಳಗಿಂದ ಎರಡು ತಲೆಗಳು ಹೊರಬಂದವು.

ನಾದಿನಿ ಅಂಚು ಎತ್ತಿ ನೋಡಿದಳು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. "ಇರಿ, ಹೊಲಿಗೆ ಬಿಚ್ಚಿಬಿಡ್ತೀನಿ" ಎಂದು ಕತ್ತರಿ ತಂದಳು.

"ಕೌದಿಗೆ ಕತ್ತರಿ ತಾಗಿಸಿದ್ರೆ ನೋಡು!" ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಗುಡುಗಿದರು. "ಇನ್ನೊಂದು ಸಲ ಅಂಚು ಹೊಲಿಯೋತನಕ ಕಾಯೋಕೆ ನನಗೆ ಆಯಸ್ಸಿಲ್ಲ. ಕೊಡು ಇಲ್ಲಿ!"

ನೆಲದ ಮೇಲೆ ಕೂತು ಅವರೇ ಕತ್ತರಿಸಿದರು. ಕೌದಿಯನ್ನಲ್ಲ, ನೈಟಿಯನ್ನು, ಆಮೇಲೆ ಪಟ್ಟೆಪಟ್ಟೆ ಪೈಜಾಮವನ್ನು. ಬಿಳಿಯ ಅಡಿಬಟ್ಟೆಯ ಅಂಚಿನಲ್ಲಿ ಎರಡು ತುಂಡುಗಳು ಗಟ್ಟಿಯಾಗಿ ನಿಂತವು. ಅಂಗಡಿಯ ಕಂಬಳಿ ತಮ್ಮನ ಮಾನ ಮುಚ್ಚುವುದಕ್ಕೆ ಒದಗಿತು. ನಾದಿನಿ ಕೌದಿ ಮಡಚಿ ತಾಯಿಯ ಮಂಚದ ಮೇಲಿಟ್ಟಳು.

ಅಂತೂ ಒಂದು ಮುಗಿಯಿತಲ್ಲ! ಬೇರೆ ಬಟ್ಟೆ ತೊಟ್ಟು, ತನ್ನ ಹೂಗಳನ್ನು ಕಣ್ತುಂಬ ನೋಡಲು ಅವಳು ಒಳಕೋಣೆಗೆ ಹೋದಳು. ಅತ್ತೆ ಆಗಲೇ ಹೊದ್ದು ಮಲಗಿದ್ದರು. ಕಸೂತಿಯ ಹೂಗಳೆಲ್ಲ ಅಡಿಗೆ ಸೇರಿದ್ದವು. ಅಂಚನ್ನು ಮಾತ್ರ ಮಡಚಿ ಕೆನ್ನೆಗೆ ಒತ್ತಿಕೊಂಡಿದ್ದರು.

"ಅತ್ತೆ, ತಿರುವುಮುರುವಾಗಿದೆ. ಹೂವು ಮೇಲೆ ಬರ್ಬೇಕು."

"ಯಾವ ಕಡೆ ಬಂದ್ರೇನಮ್ಮಾ, ಕತ್ತಲಲ್ಲಿ ಹೂವು ಯಾರು ನೋಡ್ತಾರೆ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಇಡೀ ಕೌದೀಲಿ ಮೆತ್ತಗಿರೋದು ಈ ನೈಟಿ ತುಂಡೊಂದೇ. ತುಂಬಾ ಹಿತವಾಗಿದೆ ಕಣಮ್ಮ. ಮುಂದಿನ ಸಲ ಎರಡೆರಡು ವರ್ಷ ಯಾಕೆ ಒದ್ದಾಡ್ತೀಯಾ? ನೈಟೀನೇ ಕೊಟ್ಟುಬಿಡು!"