ಬೊಂಬೆ ಹಲಗೆಯ ಮೇಲೆ ಗುಲ್ಮಾರ್ಗ

ಎಂಬತ್ತಮೂರನೇ ಇಸವಿಯ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ದೇವರ ಪಟ ಇದ್ದಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಇದ್ದದ್ದು ಗುಲ್ಮಾರ್ಗ! ಕಾಲಿಗೆ ಎರಡು ಉದ್ದನೆ ಹಲಗೆ ಕಟ್ಟಿಕೊಂಡ ಮಹಾನುಭಾವನೊಬ್ಬ ಹಿಮದ ಬೆಟ್ಟದಿಂದ ಸುಯ್ಯೆಂದು ಜಾರಿ ಬರುತ್ತಿದ್ದ. ಅದಕ್ಕೆ ಸ್ಕೀಯಿಂಗ್ ಎನ್ನುತ್ತಾರಂತೆ. ನಾನು ಹಿಂದೆಮುಂದೆ ನೋಡದೆ, ಬರುವ ಜನವರಿಯಲ್ಲಿ ಸರ್ಕಾರಿ ಖರ್ಚಿನ ಎಲ್‌ಟಿಸಿ ಪ್ರವಾಸಕ್ಕೆ ಗುಲ್ಮಾರ್ಗಕ್ಕೇ ಹೋಗುವವನೆಂದು ಆಫೀಸಿನಲ್ಲಿ ಸಾರಿಬಿಟ್ಟೆ. ಮನೆಯಲ್ಲಿ ಹೇಳುವುದೊಂದು ಬಾಕಿ ಇತ್ತು.

"ಕಾಶಿಗೆ ಹೋಗೋಣ ಅಂತ ಮದುವೆ ಆದಾಗಿಂದ ಬಡ್ಕೋತಿದೀನಿ," ಎಂದಳು ನನ್ನ ಹೆಂಡತಿ ವೇದವತಿ. "ಯಲಹಂಕದ ಚಳಿಗೇ ಮಂಕಿ ಕ್ಯಾಪ್ ಹಾಕ್ಕೊಳ್ಳೋರು ನೀವು. ನಿಮಗ್ಯಾಕ್ರೀ ಹಿಮ? ಜಾರೋಕೆ ನಮ್ಮನೆ ಬಚ್ಚಲು ಸಾಲ್ದಾ?"

"ಅದು ವಿದ್ಯೆ ಕಣೇ!"

"ಹಾಗಾದ್ರೆ ಭಾನುವಾರ ನನ್ನ ಕಣ್ಣೆದುರಿಗೆ ಒಂದೇ ಒಂದು ಸಲ ಬೀಳದೆ ಜಾರಿ ತೋರ್ಸಿ. ಗುಲ್ಮಾರ್ಗಕ್ಕೇ ಬರ್ತೀನಿ. ಬಿದ್ರೆ ಕಾಶಿ!"

ಪಂಥ ಒಪ್ಪಿಕೊಂಡೆ. (ಗಂಡಸರು ಒಪ್ಪಿಕೊಳ್ಳುವುದೇ ಹೀಗೆ, ಮೊದಲು ಬಾಯಿ, ಆಮೇಲೆ ಬುದ್ಧಿ.) ಜಾರಲು ಹಲಗೆ ಬೇಕಲ್ಲ? ಅಟ್ಟ ಹತ್ತಿ ನೋಡಿದರೆ ಎರಡು ತೇಗದ ಹಲಗೆಗಳು, ನುಣ್ಣಗೆ, ಹೇಳಿ ಮಾಡಿಸಿದಂತೆ! ದಸರಾ ಬೊಂಬೆ ಕೂರಿಸಲು ವೇದಾಳ ತವರಿನಿಂದ ಬಂದವು. ನವರಾತ್ರಿಯಲ್ಲಿ ಮಾತ್ರ ದುಡಿದು ವರ್ಷವೆಲ್ಲ ಮಲಗುತ್ತಿದ್ದವು (ಥೇಟ್ ನಮ್ಮ ಹೆಡ್ ಕ್ಲಾರ್ಕು). ಹಬ್ಬ ಇನ್ನೂ ಮುಂದಿನ ವಾರ ತಾನೇ, ಅಷ್ಟರಲ್ಲಿ ಒರೆಸಿಟ್ಟರಾಯಿತು ಎಂದುಕೊಂಡೆ.

ಭಾನುವಾರ ವೇದಾಳಿಗಿಂತ ಮುಂಚೆ ಅಟ್ಟೂರು ಕೆರೆ ಏರಿಗೆ ಹೋಗಿ, ಹಲಗೆಗಳ ಅಡಿಗೆ ಹರಳೆಣ್ಣೆ ಬಳಿದು, ಸೈಕಲ್ ಟ್ಯೂಬಿನಿಂದ ಬೂಟಿಗೆ ಬಿಗಿದುಕೊಂಡೆ. ಹಿಂದಿನ ರಾತ್ರಿ ಮಳೆ ಬಂದು ಏರಿಯ ಹುಲ್ಲು ಚೆನ್ನಾಗಿ ಜಾರುತ್ತಿತ್ತು. ಕೈಯಲ್ಲಿ ಎರಡು ಛತ್ರಿ, ತಲೆಗೆ ಮಂಕಿ ಕ್ಯಾಪ್, ಮೇಲೆ ಚುರುಗುಟ್ಟುವ ಬಿಸಿಲು. ಕೆಳಗಿನ ಗದ್ದೆಯ ಯಜಮಾನ ಚಿಕ್ಕಬೈರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇದೇನ್ ಸ್ವಾಮಿ ಇಂಗೆ ಅಲಗೆ ಮೇಲೆ ನಿಂತಿದೀರಾ? ಗದ್ದೆ ಮಟ್ಟ ಮಾಡಾಕಾ? ಎತ್ತೆಲ್ಲಿ?"

"ಎತ್ತು ಬೇಡ ಬೈರಪ್ಪ, ತಾನೇ ಹೋಗುತ್ತೆ."

"ಓಗ್ತದೆ ಸರಿ. ನಿಲ್ಸೋದೆಂಗೆ?"

ನಿಲ್ಲಿಸುವ ವಿಷಯ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಉತ್ತರ ಯೋಚಿಸುವಷ್ಟರಲ್ಲಿ ವೇದಾ ಬಂದಳು. ನಾನು ದೇವರನ್ನು ನೆನೆದು ಛತ್ರಿ ಊರಿ ಹೊರಟೇಬಿಟ್ಟೆ. ಜಾರಿದೆ, ಸ್ವಾಮಿ! ಅರ್ಧ ಏರಿಯವರೆಗೆ ಬೀಳದೆ ಜಾರಿದೆ! ಗುಲ್ಮಾರ್ಗದ ಗಾಳಿ ಕಿವಿಗೆ ತಾಕಿದ ಹಾಗೇ ಆಯಿತು.

"ಅಯ್ಯಯ್ಯೋ! ನಮ್ಮಮ್ಮ ಕೊಟ್ಟ ಬೊಂಬೆ ಹಲಗೆ!"

ಆ ಕೂಗಿಗೆ ತಿರುಗಿ ನೋಡಿದ್ದೇ ತಪ್ಪು. ಮುಂದೆ ಕಂಡದ್ದು ಆಕಾಶ, ಆಮೇಲೆ ಕೆಸರು. ಹಲಗೆಗಳು ಲಟಕ್ಕೆಂದವು. ನನ್ನ ಕಾಲೂ ಲಟಕ್ಕೆಂದಿತು.

"ನೀನು ಕೂಗಿದ್ದಕ್ಕೇ ಬಿದ್ದಿದ್ದು! ಇದು ಲೆಕ್ಕಕ್ಕಿಲ್ಲ!" ಎಂದು ಗದ್ದೆಯಲ್ಲಿ ಮಲಗಿಕೊಂಡೇ ವಾದಿಸಿದೆ.

"ಬಿದ್ರೋ ಇಲ್ವೋ ಅಷ್ಟು ಹೇಳಿ," ಎಂದಳು ವೇದಾ. ಅಳುತ್ತಿದ್ದಳು. ಹಲಗೆಗೋ ನನಗೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನವರಾತ್ರಿ ಬಂತು. ಮುರಿದ ಹಲಗೆಯಲ್ಲಿ ಮೆಟ್ಟಿಲು ಕಟ್ಟಲಾಗದೆ ವೇದಾ ಅವನ್ನು ಓರೆಯಾಗಿ ನಿಲ್ಲಿಸಿ, ಹತ್ತಿ ಹೊದಿಸಿ ಹಿಮಾಲಯ ಮಾಡಿದಳು. ಅರ್ಧಕ್ಕೇ ಹತ್ತಿ ಮುಗಿಯಿತು. ಅವಳ ಕಣ್ಣು ಸ್ಟೂಲಿನ ಮೇಲೆ ಚಾಚಿದ್ದ, ಪ್ಲಾಸ್ಟರ್ ಹಾಕಿದ ನನ್ನ ಬೆಳ್ಳನೆ ಕಾಲಿನ ಮೇಲೆ ಬಿತ್ತು. ಕುರ್ಚಿ ಸಮೇತ ನನ್ನನ್ನು ಎಳೆದು ಬೆಟ್ಟದ ಸಾಲಿಗೆ ಸೇರಿಸಿ, ಮೊಣಕಾಲಿನ ಮೇಲೊಂದು ಬೊಂಬೆಯನ್ನೂ ಕೂರಿಸಿಬಿಟ್ಟಳು.

ಅರಿಸಿನ ಕುಂಕುಮಕ್ಕೆ ಬಂದ ಬೈರಪ್ಪನ ಹೆಂಡತಿ ಮುನಿಯಲ್ಲಮ್ಮ ಸುತ್ತು ಬಂದು ನೋಡಿ, "ಈ ದೊಡ್ಡ ಬೊಂಬೆ ಎಲ್ಲಿ ತಂದ್ರಿ ವೇದಮ್ಮ? ಒಳ್ಳೆ ಜೀವ ಬಂದಂಗೈತೆ!" ಎಂದಳು.

ನಗು ತಡೆಯಲಾರದೆ ನಾನು ಕಾಲು ಕದಲಿಸಿದೆ.

"ರೀ, ಅಲ್ಲಾಡ್ಬೇಡಿ!" ವೇದಾ ಓಡಿ ಬಂದು ನನ್ನ ಮೊಣಕಾಲಿನ ಮೇಲಿದ್ದ ಬೊಂಬೆಯನ್ನು ಹಿಡಿದುಕೊಂಡಳು. "ಕಾಶಿ ವಿಶ್ವನಾಥ ಬಿದ್ದುಹೋಗ್ತಾನೆ!"